ಐದು ವಾಟ್‌ನ ವಾಲ್ವ್ ಆಂಪ್ಲಿಫೈಯರ್: ಯಾವುದನ್ನು ಕೊಳ್ಳಬೇಕು, ಒಳಗೆ ಏನನ್ನು ಬದಲಿಸಬೇಕು

ಚಿಕ್ಕ ವಾಲ್ವ್ (ಗಾಜಿನ ನಿರ್ವಾತ ನಳಿಗೆ) ಆಂಪ್ಲಿಫೈಯರ್ ಕೊಳ್ಳಲು ಹೊರಟ ಗಿಟಾರ್ ವಾದಕರು ಮೊದಲು ಕೇಳುವುದು "ಐದು ವಾಟ್ ಸಾಕಾಗುತ್ತದೆಯೇ?" ಎಂದು. ಸಾಕಾಗುತ್ತದೆ. ಗೋಡೆಗೆ ಗೋಡೆ ತಾಗಿದ ಮನೆಯಲ್ಲಿರುವವರಿಗೆ ಅದೇ ಹೆಚ್ಚು. ನಾನು ಕೇಳುವ ಪ್ರಶ್ನೆ ಬೇರೆ. ಪೆಟ್ಟಿಗೆಯ ಹಿಂಬದಿಯ ಹಲಗೆಯನ್ನು ಬಿಚ್ಚಿದರೆ, ಒಳಗಿರುವ ಒಂದೊಂದು ಭಾಗವೂ ಅಲ್ಲಿ ಏಕಿದೆ ಎಂದು ನಿಮಗೆ ಹೇಳಲು ಬರುತ್ತದೆಯೇ? ಬರದಿದ್ದರೆ, ಕಲಿತುಕೊಳ್ಳುವಷ್ಟು ಸರಳವಾಗಿ ಅದನ್ನು ಕಟ್ಟಿದ್ದಾರೆಯೇ? ಬೆರಳೆಣಿಕೆಯ ಭಾಗಗಳಿಂದಾದ ಈ ಯಂತ್ರವನ್ನು ಒಬ್ಬ ಮನುಷ್ಯ ಪೂರ್ತಿಯಾಗಿ ಅರ್ಥ ಮಾಡಿಕೊಳ್ಳಬಹುದು. ಇವತ್ತು ನಮ್ಮ ಮನೆಯಲ್ಲಿರುವ ಎಷ್ಟು ಎಲೆಕ್ಟ್ರಾನಿಕ್ ವಸ್ತುಗಳ ಬಗ್ಗೆ ಹಾಗೆ ಹೇಳಲು ಸಾಧ್ಯ? ಹಾಗಾಗಿ ಈ ಹೋಲಿಕೆಯಲ್ಲಿ ಅದೇ ನನ್ನ ಅಳತೆಗೋಲು.

ಮೊದಲು ಒಳಗಿನ ದಾರಿ

ಈ ಬಗೆಯ ಬಹುತೇಕ ಆಂಪ್‌ಗಳ ಹಿಂದೆ ನಿಂತಿರುವುದು 1950ರ ದಶಕದ ಫೆಂಡರ್ ಚಾಂಪ್, ಅದರಲ್ಲೂ 5ಎಫ್1 ಎಂಬ ಸರ್ಕ್ಯೂಟ್. ಅದರಲ್ಲಿರುವುದು ಮೂರು ವಾಲ್ವ್, ಎಂಟು ಇಂಚಿನ ಒಂದು ಸ್ಪೀಕರ್, ವಾಲ್ಯೂಮಿನ ಒಂದೇ ನಾಬ್. ಗಿಟಾರಿನಿಂದ ಬಂದ ಸಂಕೇತ ಮೊದಲು 12ಎಎಕ್ಸ್7 ವಾಲ್ವಿನೊಳಕ್ಕೆ ಹೋಗುತ್ತದೆ. ಈ ವಾಲ್ವಿನ ಒಂದೇ ಗಾಜಿನೊಳಗೆ ಎರಡು ಟ್ರಯೋಡ್‌ಗಳಿವೆ. ಮೊದಲನೆಯದು ಸಂಕೇತವನ್ನು ಹಿಗ್ಗಿಸಿ ವಾಲ್ಯೂಮಿಗೆ ಕೊಡುತ್ತದೆ, ಎರಡನೆಯದು ಮತ್ತೊಮ್ಮೆ ಹಿಗ್ಗಿಸಿ 6ವಿ6 ಎಂಬ ಪವರ್ ವಾಲ್ವಿಗೆ ದಾಟಿಸುತ್ತದೆ. ಅಲ್ಲಿಂದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಅದರಾಚೆ ಸ್ಪೀಕರ್. ಮೂರನೆಯ ವಾಲ್ವ್ 5ವೈ3 ಸಂಕೇತವನ್ನು ಮುಟ್ಟುವುದೇ ಇಲ್ಲ. ಎಸಿ ವಿದ್ಯುತ್ತನ್ನು ಡಿಸಿಯಾಗಿ ಮಾಡುವುದಷ್ಟೇ ಅದರ ಕೆಲಸ.

ಐದೇ ವಾಟ್ ಏಕೆ? 6ವಿ6ನ ಪ್ಲೇಟ್ (ಎಲೆಕ್ಟ್ರಾನ್‌ಗಳು ಬಂದು ಸೇರುವ ಲೋಹದ ಭಾಗ) ತಾಳಿಕೊಳ್ಳಬಲ್ಲ ಶಾಖ ಸುಮಾರು 12 ವಾಟ್. ಒಂದೇ ಪವರ್ ವಾಲ್ವಿನ ಕ್ಲಾಸ್ ಎ ವ್ಯವಸ್ಥೆಯಲ್ಲಿ ನೀವು ನುಡಿಸಿದರೂ ಸುಮ್ಮನೆ ಕುಳಿತರೂ ವಿದ್ಯುತ್ ಒಂದೇ ಸಮನೆ ಹರಿಯುತ್ತಿರುತ್ತದೆ. ಅದರಲ್ಲಿ ಅರ್ಧದಷ್ಟು ಸ್ಪೀಕರ್ ತಲುಪಿದರೆ ಅದು ಕಾಗದದ ಮೇಲಿನ ಆದರ್ಶ. ನಿಜದಲ್ಲಿ ದಕ್ಕುವುದು ನಾಲ್ಕೂವರೆಯಿಂದ ಐದೂವರೆ ವಾಟ್. ಐದು ವಾಟ್ ಎಂಬುದು ಆ ಒಂದು ಗಾಜಿನ ಬುರುಡೆಯ ಮಿತಿ.

ಈ ಅಂಕಿಯನ್ನು ಕೇಳಿ ಹಗುರವಾಗಿ ಎಣಿಸಬೇಡಿ. ಸದ್ದು ಎರಡರಷ್ಟಾಯಿತು ಎಂದು ಕಿವಿಗೆ ಅನ್ನಿಸಬೇಕಾದರೆ ವಾಟ್ ಹತ್ತರಷ್ಟಾಗಬೇಕು. ಅಂದರೆ ಐವತ್ತು ವಾಟ್‌ನ ಆಂಪ್ ಇದರ ಎರಡರಷ್ಟು ಮಾತ್ರ ಜೋರು. ವಾದ್ಯದ ದನಿ ಒಡೆಯುವ ಹಂತಕ್ಕೆ ಚಾಂಪನ್ನು ತಂದರೆ ಮಹಡಿಯ ಮೇಲಿನವರಿಗೂ ಕೇಳುತ್ತದೆ. ರಾತ್ರಿ ಹತ್ತರ ಮೇಲೆ ನುಡಿಸುವ ಅಭ್ಯಾಸವಿದ್ದರೆ ಈ ಮಾತನ್ನು ನೆನಪಿಟ್ಟುಕೊಂಡು ಮುಂದಕ್ಕೆ ಓದಿ.

6ವಿ6 ಅಥವಾ ಇಎಲ್84

ಮಾದರಿಯ ಹೆಸರಿಗಿಂತ ಮುಂಚೆ ತೀರ್ಮಾನಿಸಬೇಕಾದದ್ದು ಪವರ್ ವಾಲ್ವ್ ಯಾವುದು ಎಂಬುದನ್ನು. ಕೊಂಡ ಮೇಲೆ ಇದನ್ನು ಬದಲಿಸುವುದು ಸುಲಭವಲ್ಲ. 6ವಿ6ನ ಸಾಕೆಟ್ಟಿಗೆ ಎಂಟು ಪಿನ್, ಇಎಲ್84ರದ್ದಕ್ಕೆ ಒಂಬತ್ತು. ಅವುಗಳಿಗೆ ಬೇಕಾದ ಬಯಾಸ್, ಅಂದರೆ ಸುಮ್ಮನಿರುವಾಗ ಎಷ್ಟು ವಿದ್ಯುತ್ ಹರಿಯಬೇಕೆಂದು ನಿಗದಿ ಮಾಡುವ ವೋಲ್ಟೇಜ್, ಕೂಡ ಬೇರೆ.

ತಯಾರಕರ ಡೇಟಾ ಶೀಟ್‌ಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. 250 ವೋಲ್ಟಿನಲ್ಲಿ 6ವಿ6 ಕೊಡುವುದು ನಾಲ್ಕೂವರೆ ವಾಟ್. ಅಷ್ಟನ್ನು ಹೊರಡಿಸಲು ಅದರ ಗ್ರಿಡ್ಡಿಗೆ, ಅಂದರೆ ಸಂಕೇತ ಒಳಬರುವ ಭಾಗಕ್ಕೆ, 12.5 ವೋಲ್ಟಿನ ಏರಿಳಿತ ಬೇಕು. ಅದೇ 250 ವೋಲ್ಟಿನಲ್ಲಿ ಇಎಲ್84 ಐದೂವರೆ ವಾಟ್‌ಗೂ ತುಸು ಹೆಚ್ಚು ಕೊಡುತ್ತದೆ. ಅದಕ್ಕೆ ಸಾಕಾಗುವುದು ಆರು ವೋಲ್ಟ್ ಮಾತ್ರ. ಅಂದರೆ ಇಎಲ್84ನ್ನು ಕೆರಳಿಸುವುದು ಸುಲಭ. ಅದರ ದನಿ ಬೇಗ ಒಡೆಯುತ್ತದೆ, ಒಡೆದಾಗ ಮೇಲಿನ ಸ್ವರಗಳಲ್ಲಿ ಒಂದು ಝಳಪು ಕಾಣಿಸುತ್ತದೆ. 6ವಿ6 ನಿಧಾನಿ. ಬೆರಳು ಮೆದುವಾದರೆ ತಿಳಿಯಾಗಿ, ಗಟ್ಟಿಯಾದರೆ ದಪ್ಪವಾಗಿ ನುಡಿಯುತ್ತದೆ. ಬ್ಲೂಸ್ ನುಡಿಸುವವರಿಗೆ, ಗಿಟಾರಿನ ವಾಲ್ಯೂಮ್ ನಾಬಿನಿಂದಲೇ ಬಣ್ಣ ಬದಲಿಸುವವರಿಗೆ ನಾನು 6ವಿ6ನ್ನೇ ಹೇಳುತ್ತೇನೆ. ಕಾರ್ಡ್‌ಗಳನ್ನು ಬೀಸಿ ನುಡಿಸುತ್ತ, ಅದು ಮೊದಲ ಕ್ಷಣದಿಂದಲೇ ಗರ್ಜಿಸಬೇಕು ಎನ್ನುವವರಿಗೆ ಇಎಲ್84.

ಅಂಗಡಿಯಲ್ಲಿ ಮತ್ತು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ

ಬೆಸುಗೆ ಹಾಕಲು ಬರುವವರಿಗೆ 5ಎಫ್1 ಕಿಟ್ಟಿಗೆ ಸಮನಾದದ್ದು ಯಾವುದೂ ಇಲ್ಲ. ಅಮೆರಿಕದ ಹಲವು ಕಂಪನಿಗಳು ಇದನ್ನು ಮಾರುತ್ತವೆ. ಭಾಗಗಳೆಲ್ಲ ಒಂದು ಹಲಗೆಯ ಮೇಲೆ ಸಾಲಾಗಿ ಕೂರುತ್ತವೆ. ಸರ್ಕ್ಯೂಟಿನ ಚಿತ್ರವನ್ನು ಪಕ್ಕಕ್ಕಿಟ್ಟು ಬೆರಳಿಟ್ಟು ಓದಬಹುದು. ಎರಡು ವಾರಾಂತ್ಯದ ಕೆಲಸ. ನಾನು ನನ್ನದನ್ನು ಕಟ್ಟಿ ಮೊದಲ ಸಲ ಚಾಲೂ ಮಾಡಿದಾಗ ಅದು ಕಿವಿ ಹರಿಯುವಂತೆ ಕೂಗಿತು. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಿಂದ ಸ್ಪೀಕರಿಗೆ ಹೋಗುವ ಎರಡು ತಂತಿಗಳು ಅದಲುಬದಲಾಗಿದ್ದವು. ಸ್ಪೀಕರಿನಿಂದ ಸ್ವಲ್ಪ ಸಂಕೇತ ಹಿಂದಕ್ಕೆ ಬಂದು ಎರಡನೆಯ ಟ್ರಯೋಡನ್ನು ಹತೋಟಿಯಲ್ಲಿಡಬೇಕಾಗಿದ್ದ ಜಾಗದಲ್ಲಿ ಅದನ್ನು ಇನ್ನಷ್ಟು ಕೆರಳಿಸುತ್ತಿತ್ತು. ತಂತಿಗಳನ್ನು ಬದಲಿಸಿದೊಡನೆ ಶಾಂತವಾಯಿತು. ಫೀಡ್‌ಬ್ಯಾಕ್ ಎಂಬುದು ನನಗೆ ನಿಜವಾಗಿ ಅರ್ಥವಾದದ್ದು ಆ ಸಂಜೆ.

ಕಟ್ಟುವ ಧೈರ್ಯವಿಲ್ಲ, ಆದರೆ ಕೈಯಾಡಿಸುವ ಆಸೆಯಿದೆ ಎನ್ನುವವರು ವಿಎಚ್‌ಟಿ ಸ್ಪೆಷಲ್ 6 ನೋಡಬೇಕು. 12ಎಎಕ್ಸ್7 ಮತ್ತು 6ವಿ6, ಹತ್ತು ಇಂಚಿನ ಸ್ಪೀಕರ್, ವಾಲ್ಯೂಮಿನ ಜೊತೆ ಟೋನ್ ನಾಬ್. ಒಳಗೆ ಕೈಯಿಂದಲೇ ತಂತಿ ಬೆಸೆದಿದ್ದಾರೆ. ಕೊಂಡವರು ತಾವೇ ಬದಲಾವಣೆ ಮಾಡಿಕೊಳ್ಳಲಿ ಎಂಬ ಉದ್ದೇಶವನ್ನು ಕಂಪನಿಯೇ ಹೇಳಿಕೊಂಡ ಆಂಪ್ ಇದು. ನನ್ನ ಅಳತೆಗೋಲಿನಲ್ಲಿ ಸಿದ್ಧ ಆಂಪ್‌ಗಳ ಪೈಕಿ ಮೊದಲ ಸ್ಥಾನ ಇದಕ್ಕೇ.

ಫೆಂಡರ್ 2007ರಲ್ಲಿ ಮರಳಿ ತಂದ ಚಾಂಪಿಯನ್ 600 ನೋಡಲು ಮುದ್ದಾಗಿದೆ. ಆದರೆ ಸ್ಪೀಕರ್ ಆರೇ ಇಂಚು, ಭಾಗಗಳೆಲ್ಲ ಮುದ್ರಿತ ಬೋರ್ಡಿನ ಮೇಲೆ. ಟೋನ್ ನಾಬ್ ಇಲ್ಲದಿದ್ದರೂ ಟೋನ್ ಸರ್ಕ್ಯೂಟ್ ಒಳಗೆ ಅಡಗಿದೆ. ಒಂದೇ ನಿಲುವಿನಲ್ಲಿ ಕಟ್ಟಿಹಾಕಿದ ಅದು ನಡುವಿನ ಸ್ವರಗಳನ್ನೂ ಗೇನ್ (ಹಿಗ್ಗಿಸುವ ಪ್ರಮಾಣ) ಅನ್ನೂ ತಿನ್ನುತ್ತದೆ. ಅದನ್ನು ನಿಷ್ಕ್ರಿಯ ಮಾಡಿದರೆ ಇದು ಹಳೆಯ ಚಾಂಪಿನ ಸಮೀಪಕ್ಕೆ ಬರುತ್ತದೆ.

ಇಎಲ್84ರ ಕಡೆ ಬಂದರೆ ಎಪಿಫೋನ್ ವಾಲ್ವ್ ಜೂನಿಯರ್ ಇದೆ. ಈಗ ತಯಾರಾಗುತ್ತಿಲ್ಲ, ಸೆಕೆಂಡ್ ಹ್ಯಾಂಡ್ ಮಾತ್ರ. ಒಂದು 12ಎಎಕ್ಸ್7, ಒಂದು ಇಎಲ್84, ಒಂದು ನಾಬ್. ಮೊದಮೊದಲ ಆವೃತ್ತಿಗಳಲ್ಲಿ ಗುಂಯ್‌ಗುಡುವಿಕೆ ಹೆಚ್ಚು. ಮುಂದಿನ ಆವೃತ್ತಿಯಲ್ಲಿ ವಾಲ್ವನ್ನು ಒಳಗಿನಿಂದ ಕಾಯಿಸುವ ಹೀಟರಿಗೆ ಡಿಸಿ ಕೊಟ್ಟು ಅದನ್ನು ಸರಿಪಡಿಸಿದರು. ಕೊಳ್ಳುವಾಗ ಗಿಟಾರ್ ಜೋಡಿಸದೆ, ವಾಲ್ಯೂಮನ್ನು ಸೊನ್ನೆಗಿಳಿಸಿ ಒಂದು ನಿಮಿಷ ಕಿವಿಗೊಡಿ. ಬೋರ್ಡ್ ಮುದ್ರಿತವೇ ಆದರೂ ಭಾಗಗಳು ಕಡಿಮೆ, ಸರ್ಕ್ಯೂಟ್ ಸರಳ. ಜಗತ್ತಿನಾದ್ಯಂತ ಜನ ಇದರ ಮೇಲೆ ಬೆಸುಗೆ ಕಲಿತಿದ್ದಾರೆ.

ವಾಕ್ಸ್ ಎಸಿ4ಟಿವಿ ಇನ್ನೊಂದು ಬಗೆಯ ಜನರಿಗೆ. ನಾಲ್ಕು ವಾಟ್, ಒಂದು ವಾಟ್, ಕಾಲು ವಾಟ್ ಎಂದು ಮೂರು ಹಂತ ಇದಕ್ಕಿದೆ. ಬುಗೆರಾ ವಿ5ನಲ್ಲಿ ಇದೇ ಸೌಕರ್ಯ 0.1 ವಾಟ್‌ವರೆಗೂ ಇಳಿಯುತ್ತದೆ, ರಿವರ್ಬ್ ಕೂಡ ಇದೆ. ಬಿಚ್ಚುವ ಆಸೆ ಇಲ್ಲ, ರಾತ್ರಿ ನುಡಿಸಬೇಕು ಎಂಬುವರು ಈ ಎರಡರಲ್ಲಿ ಒಂದನ್ನು ಕೊಂಡು ಇಲ್ಲಿಗೇ ಓದು ನಿಲ್ಲಿಸಬಹುದು. ಇಂಗ್ಲೆಂಡಿನ ಮಾರ್ಷಲ್ ಕ್ಲಾಸ್ 5ರಲ್ಲಿ ಎರಡು ಇಸಿಸಿ83 (12ಎಎಕ್ಸ್7ಕ್ಕೆ ಯುರೋಪಿನ ಹೆಸರು), ಬಾಸ್, ಮಿಡ್, ಟ್ರೆಬಲ್ ಎಲ್ಲವೂ ಇವೆ. ಒಳ್ಳೆಯ ಆಂಪ್, ಆದರೆ ಅದು ತನ್ನ ದನಿಯನ್ನು ಆಗಲೇ ತೀರ್ಮಾನಿಸಿಕೊಂಡಿದೆ. ಅದನ್ನು ಬದಲಿಸಲು ಹೋಗುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ನಮ್ಮ ಗೋಡೆಯ ವಿದ್ಯುತ್ತು

ಅಮೆರಿಕದಿಂದ ಬರುವ ನೆಂಟರ ಕೈಯಲ್ಲಿ ಆಂಪ್ ತರಿಸುವವರು ಗಮನಿಸಬೇಕು. ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್; ಇಲ್ಲಿಯದು 230 ವೋಲ್ಟ್, 50 ಹರ್ಟ್ಸ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಹರ್ಟ್ಸನ್ನು ಬದಲಿಸುವುದಿಲ್ಲ. 60 ಹರ್ಟ್ಸಿಗೆಂದೇ ಸುತ್ತಿದ ಪವರ್ ಟ್ರಾನ್ಸ್‌ಫಾರ್ಮರ್ 50ರಲ್ಲಿ ಹೆಚ್ಚು ಬಿಸಿಯಾಗುತ್ತದೆ. ಕಿಟ್ ತರಿಸುವುದಾದರೆ 230 ಅಥವಾ 240 ವೋಲ್ಟ್ ಪ್ರೈಮರಿ (ಗೋಡೆಯ ವಿದ್ಯುತ್ ಸೇರುವ ಸುತ್ತು) ಇರುವ, 50 ಹರ್ಟ್ಸ್ ಎಂದು ಬರೆದಿರುವ ಟ್ರಾನ್ಸ್‌ಫಾರ್ಮರನ್ನೇ ಕೇಳಿ ಪಡೆಯಿರಿ. ಮೂರು ಪಿನ್ನಿನ ಪ್ಲಗ್ ಹಾಕಿದರೆ ಸಾಲದು. ಗೋಡೆಯ ಸಾಕೆಟ್ಟಿನಲ್ಲಿ ಅರ್ತ್ ನಿಜಕ್ಕೂ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಿ. ಗಿಟಾರಿನ ತಂತಿ ಆಂಪಿನ ಲೋಹದ ಚಾಸಿಗೆ ನೇರವಾಗಿ ಜೋಡಿಕೊಂಡಿರುತ್ತದೆ, ಆ ತಂತಿಯ ಮೇಲೆ ನಿಮ್ಮ ಬೆರಳಿರುತ್ತದೆ.

ಅಜ್ಜನ ವಾಲ್ವ್ ರೇಡಿಯೋವನ್ನು ಗಿಟಾರ್ ಆಂಪ್ ಮಾಡಬಹುದೇ ಎಂದು ಹಲವರು ಕೇಳುತ್ತಾರೆ. ಪ್ರಶ್ನೆ ಸಹಜವಾದದ್ದೇ. ಆ ಕಾಲದ ಎಷ್ಟೋ ರೇಡಿಯೋಗಳ ಪವರ್ ವಾಲ್ವ್ ಇದೇ ಇಎಲ್84. ಬೆಂಗಳೂರಿನ ಬಿಇಎಲ್ ಒಂದು ಕಾಲದಲ್ಲಿ ವಾಲ್ವ್ ತಯಾರಿಸುತ್ತಿತ್ತು. ಅದರ ಗುರುತಿರುವ ಇಸಿಸಿ83, ಇಎಲ್84ಗಳು ಹಳೆಯ ರಿಪೇರಿಗಾರರ ಡಬ್ಬಗಳಲ್ಲಿ ಈಗಲೂ ಸಿಗುತ್ತವೆ. ಆದರೆ ರೇಡಿಯೋದ ಒಳಗಿನ ವಾಲ್ವ್‌ಗಳ ಹೆಸರನ್ನು ಮೊದಲು ಓದಿ. ಹೆಸರುಗಳು 'ಯು' ಅಕ್ಷರದಿಂದ ಆರಂಭವಾಗಿದ್ದರೆ, ಉದಾಹರಣೆಗೆ ಯುಎಲ್84, ಅದು ಎಸಿ/ಡಿಸಿ ರೇಡಿಯೋ. ಅದರಲ್ಲಿ ಗೋಡೆಯ ವಿದ್ಯುತ್ತಿನಿಂದ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಚಾಸಿಯೇ ಗೋಡೆಯ ಒಂದು ತಂತಿಗೆ ಜೋಡಿಕೊಂಡಿರುತ್ತದೆ. ಅಂಥದ್ದಕ್ಕೆ ಗಿಟಾರ್ ಜೋಡಿಸಿದವರು ಜೀವಕ್ಕೇ ಎರವಾಗಬಹುದು. ಅದನ್ನು ರೇಡಿಯೋವಾಗಿಯೇ ಉಳಿಸಿಕೊಳ್ಳಿ.

ಬಿಚ್ಚುವ ಮುನ್ನ

ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ ಉಳಿದಿರಬಹುದು. ಪ್ಲಗ್ ಕಿತ್ತು, ಕೆಲವು ನಿಮಿಷ ಬಿಟ್ಟು, ಕ್ಲಿಪ್ ಹಾಕಿದ 10 ಕಿಲೋಓಮ್ ರೆಸಿಸ್ಟರಿನ ಮೂಲಕ ಒಂದೊಂದನ್ನೂ ಚಾಸಿಗೆ ಬರಿದು ಮಾಡಿ, ಮಲ್ಟಿಮೀಟರಿನಲ್ಲಿ ಸೊನ್ನೆ ಕಂಡ ಮೇಲಷ್ಟೇ ಕೈ ಹಾಕಿ. ಆಂಪ್ ಚಾಲೂ ಇರುವಾಗ ವೋಲ್ಟೇಜ್ ಅಳೆಯಬೇಕಾಗಿ ಬಂದರೆ ಒಂದು ಕೈ ಬೆನ್ನ ಹಿಂದಿರಲಿ. ಸ್ಪೀಕರ್ ಜೋಡಿಸದೆ ಆಂಪನ್ನು ಎಂದಿಗೂ ನುಡಿಸಬೇಡಿ. ಹಾಗೆ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಇದಿಷ್ಟನ್ನು ಓದಿ ಮನಸ್ಸು ಹಿಂಜರಿದರೆ, ತಿಳಿದವರೊಬ್ಬರ ಪಕ್ಕದಲ್ಲಿ ಕುಳಿತು ಮೊದಲ ಬದಲಾವಣೆ ಮಾಡಿ. ಆ ಹಿಂಜರಿಕೆ ಸರಿಯಾದದ್ದೇ.

ಯಾವ ಬದಲಾವಣೆ ಮೊದಲು?

ಹೆಚ್ಚಿನವರು ದುಬಾರಿ ವಾಲ್ವ್ ಕೊಳ್ಳುವುದರಿಂದ ಶುರು ಮಾಡುತ್ತಾರೆ. ಅದು ತಲೆಕೆಳಗಾದ ಕ್ರಮ. ಒಂದೇ ಮಾದರಿಯ ಎರಡು ಕಂಪನಿಗಳ ವಾಲ್ವ್‌ಗಳ ನಡುವೆ ಕೇಳುವ ವ್ಯತ್ಯಾಸ ಸಣ್ಣದು. ಸ್ಪೀಕರಿನ ವ್ಯತ್ಯಾಸವನ್ನು ಸಂಗೀತ ತಿಳಿಯದವರೂ ಗುರುತಿಸುತ್ತಾರೆ.

ಆದ್ದರಿಂದ ಮೊದಲ ಹಣ ಸ್ಪೀಕರಿಗೆ. ಎಂಟು ಇಂಚಿನದನ್ನು ಪಕ್ಕಕ್ಕಿಟ್ಟು ಹನ್ನೆರಡು ಇಂಚಿನ ಸ್ಪೀಕರ್ ಇರುವ ಕ್ಯಾಬಿನೆಟ್ಟಿಗೆ ಆಂಪನ್ನು ಜೋಡಿಸಿ ನೋಡಿ. ಸ್ಪೀಕರಿನ ಸಂವೇದನೆ ಆರು ಡೆಸಿಬಲ್ ಹೆಚ್ಚಿದ್ದರೆ, ಆಂಪಿನ ವಾಟ್ ನಾಲ್ಕರಷ್ಟಾದ ಹಾಗೆ. ದನಿಗೆ ಒಂದು ಎದೆ ಬರುತ್ತದೆ. ಓಮ್ ಹೊಂದುವಂತೆ ನೋಡಿಕೊಳ್ಳಿ; ಹಳೆಯ ಚಾಂಪ್ ಬಯಸುವುದು ಸುಮಾರು ನಾಲ್ಕು ಓಮ್. ಇದಕ್ಕೆ ಬೆಸುಗೆಯೂ ಬೇಡ, ಬೇಡವೆನಿಸಿದರೆ ಹಿಂದಕ್ಕೂ ಹೋಗಬಹುದು.

ಎರಡನೆಯದು ನೆಗೆಟಿವ್ ಫೀಡ್‌ಬ್ಯಾಕ್. 5ಎಫ್1ರಲ್ಲಿ ಸ್ಪೀಕರಿನಿಂದ ಎರಡನೆಯ ಟ್ರಯೋಡಿನ ಕ್ಯಾಥೋಡಿಗೆ (ಎಲೆಕ್ಟ್ರಾನ್‌ಗಳು ಹೊರಡುವ ಭಾಗಕ್ಕೆ) 22 ಕಿಲೋಓಮಿನ ಒಂದು ರೆಸಿಸ್ಟರ್ ಹಿಂದಿರುಗುತ್ತದೆ. ದನಿಯನ್ನು ನಯವಾಗಿಡುವುದು ಅದೇ. ಅದರ ದಾರಿಯಲ್ಲಿ ಒಂದು ಚಿಕ್ಕ ಸ್ವಿಚ್ ಇಟ್ಟು ತುಂಡರಿಸಿದರೆ ಗೇನ್ ಏರುತ್ತದೆ, ದನಿ ಒರಟಾಗಿ ಮುಂದಕ್ಕೆ ನುಗ್ಗುತ್ತದೆ. 47 ಕಿಲೋಓಮ್ ಹಾಕಿದರೆ ಎರಡರ ನಡುವೆ ನಿಲ್ಲುತ್ತದೆ. ಕೆಲವೇ ರೂಪಾಯಿಯ ಸ್ವಿಚ್ಚಿನಿಂದ ಒಂದೇ ಪೆಟ್ಟಿಗೆಯಲ್ಲಿ ಎರಡು ಆಂಪ್ ಸಿಕ್ಕಂತಾಗುತ್ತದೆ. ಈ ಬರಹದಿಂದ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ.

ಮೂರನೆಯದು ಕಪ್ಲಿಂಗ್ ಕೆಪಾಸಿಟರ್, ಒಂದು ಹಂತದಿಂದ ಮುಂದಿನ ಹಂತಕ್ಕೆ ಸಂಕೇತವನ್ನು ದಾಟಿಸುವ ಭಾಗ. ಪವರ್ ವಾಲ್ವಿನ ಮುಂದೆ 0.022 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 220 ಕಿಲೋಓಮ್ ರೆಸಿಸ್ಟರ್ ಇದ್ದರೆ ಸುಮಾರು 33 ಹರ್ಟ್ಸಿನಿಂದ ಮೇಲಿನದೆಲ್ಲ ದಾಟುತ್ತದೆ. ಗಿಟಾರಿನ ಅತಿ ಕೆಳಗಿನ ಸ್ವರ 82 ಹರ್ಟ್ಸ್. ಅಂದರೆ ಚಿಕ್ಕ ಸ್ಪೀಕರ್ ನುಡಿಸಲಾರದ ಮಂದ್ರವನ್ನೆಲ್ಲ ನಾವು ಅದರ ಮೇಲೆ ಹೇರುತ್ತಿದ್ದೇವೆ. ಕೆಪಾಸಿಟರನ್ನು 0.0047ಕ್ಕೆ ಇಳಿಸಿದರೆ ಕಡಿತ 150 ಹರ್ಟ್ಸಿನ ಆಸುಪಾಸಿಗೆ ಏರಿ, ವಾಲ್ಯೂಮ್ ಏರಿಸಿದಾಗ ಕೇಳುವ ಕೆಸರಿನಂಥ ಕೆಳದನಿ ತಿಳಿಯಾಗುತ್ತದೆ. ಹನ್ನೆರಡು ಇಂಚಿನ ಸ್ಪೀಕರ್ ಬಳಸುವವರು ಇದನ್ನು ಮುಟ್ಟದಿದ್ದರೂ ನಡೆಯುತ್ತದೆ. ಕೊಳ್ಳುವ ಕೆಪಾಸಿಟರ್ 400 ವೋಲ್ಟಿಗಿಂತ ಕಡಿಮೆಯದಾಗಬಾರದು, 630 ವೋಲ್ಟಿನದು ಉತ್ತಮ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಸಾಕು.

ಮೊದಲ ಟ್ರಯೋಡಿನ ಕ್ಯಾಥೋಡ್ ರೆಸಿಸ್ಟರಿಗೆ ಅಡ್ಡಲಾಗಿ 25 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದರೆ ಆ ಹಂತದ ಗೇನ್ ಇಲ್ಲದಿದ್ದಾಗಿನ ಹೆಚ್ಚುಕಡಿಮೆ ಎರಡರಷ್ಟಿರುತ್ತದೆ. ಒಂದು ಮೈಕ್ರೋಫ್ಯಾರಡಿಗೂ ಕಡಿಮೆಯದನ್ನು ಹಾಕಿದರೆ ಮೇಲಿನ ಸ್ವರಗಳು ಮಾತ್ರ ಹಿಗ್ಗುತ್ತವೆ. ಗೇನ್ ಕಡಿಮೆ ಬೇಕೆನ್ನುವವರಿಗೆ ಬೆಸುಗೆಯೇ ಬೇಡದ ದಾರಿಯೂ ಇದೆ. 12ಎಎಕ್ಸ್7ರ ಜಾಗದಲ್ಲಿ 12ಎವೈ7 ಕೂರಿಸಿ. ಮೊದಲನೆಯದರ ಹಿಗ್ಗಿಸುವ ಅಂಶ 100, ಎರಡನೆಯದರದು 44, ಪಿನ್ನುಗಳು ಒಂದೇ. ವಾಲ್ವ್ ಬದಲಾವಣೆಗಳಲ್ಲಿ ಕಿವಿಗೆ ಖಚಿತವಾಗಿ ಗೊತ್ತಾಗುವುದು ಇದೊಂದು.

ಬೇಡವಾದವುಗಳು

6ವಿ6ರ ಸಾಕೆಟ್ಟಿನಲ್ಲಿ 6ಎಲ್6 ಹಿಡಿಸುತ್ತದೆ ಎಂದು ಅದನ್ನು ಚುಚ್ಚಬೇಡಿ. ಅದರ ಹೀಟರ್ ಎಳೆಯುವ ವಿದ್ಯುತ್ 0.9 ಆಂಪಿಯರ್, 6ವಿ6ರದ್ದು 0.45. ಆ ಹೊರೆಯನ್ನು ಚಿಕ್ಕ ಪವರ್ ಟ್ರಾನ್ಸ್‌ಫಾರ್ಮರ್ ಹೊರಬೇಕು.

ಗುಂಯ್‌ಗುಡುವಿಕೆ ತಗ್ಗಿಸಲು 5ವೈ3ರ ಪಕ್ಕದಲ್ಲೇ 100 ಮೈಕ್ರೋಫ್ಯಾರಡಿನ ಕೆಪಾಸಿಟರ್ ಹಾಕುವವರಿದ್ದಾರೆ. ಆ ವಾಲ್ವಿನ ಮೊದಲ ಕೆಪಾಸಿಟರಿಗೆ ಡೇಟಾ ಶೀಟ್ ಹೇಳುವ ಮಿತಿ 20. ಹೆಚ್ಚಿಸುವುದಾದರೆ ಎರಡನೆಯ ಮತ್ತು ಮೂರನೆಯ ಕೆಪಾಸಿಟರುಗಳನ್ನು ಹೆಚ್ಚಿಸಿ. 5ವೈ3 ತೆಗೆದು ಡಯೋಡ್ ಹಾಕುವುದೂ ಬೇಡ. ವೋಲ್ಟೇಜ್ ಏರಿ ಪವರ್ ವಾಲ್ವ್ ತನ್ನ 12 ವಾಟ್‌ನ ಮಿತಿ ಮೀರಬಹುದು. ಇದನ್ನು ಅಳೆಯುವುದು ಸುಲಭ. ಕ್ಯಾಥೋಡ್ ರೆಸಿಸ್ಟರಿನ ಮೇಲೆ 19 ವೋಲ್ಟ್ ಕಂಡಿತು ಎನ್ನಿ. ರೆಸಿಸ್ಟರ್ 470 ಓಮ್ ಆದರೆ ಹರಿಯುವುದು ಸುಮಾರು 40 ಮಿಲಿಆಂಪಿಯರ್. ಪ್ಲೇಟ್ ಮತ್ತು ಕ್ಯಾಥೋಡ್ ನಡುವೆ 300 ವೋಲ್ಟ್ ಇದ್ದರೆ ಗುಣಿಸಿದಾಗ ಬರುವುದು 12 ವಾಟ್. ಪವರ್ ವಾಲ್ವಿನ ಇನ್ನೊಂದು ಗ್ರಿಡ್ ಆದ ಸ್ಕ್ರೀನಿನ ಸಣ್ಣ ಪಾಲನ್ನು ಕಳೆದರೆ ಮಿತಿಯೊಳಗೇ ಇದೆ. ಇನ್ನೊಂದು ಮಾತು: 5ವೈ3ಯಂಥ ವಾಲ್ವ್ ರೆಕ್ಟಿಫೈಯರಿನಿಂದ ದನಿ ಮೆತ್ತಗೆ ಕುಸಿದು ಏಳುತ್ತದೆ ಎಂಬ ವರ್ಣನೆ ಪವರ್ ವಾಲ್ವ್‌ಗಳು ಜೋಡಿಯಾಗಿ ದುಡಿಯುವ ದೊಡ್ಡ ಪುಶ್‌ಪುಲ್ ಆಂಪ್‌ಗಳಿಗೆ ಒಪ್ಪುತ್ತದೆ. ಒಂದೇ ಪವರ್ ವಾಲ್ವಿನ ಕ್ಲಾಸ್ ಎಯಲ್ಲಿ ವಿದ್ಯುತ್ತಿನ ಬೇಡಿಕೆ ಹೆಚ್ಚುಕಡಿಮೆ ಸಮನಾಗಿರುವುದರಿಂದ ಆ ಕುಸಿತ ಅತ್ಯಲ್ಪ. ಅದಕ್ಕೆಂದು ಹೆಚ್ಚು ಹಣ ಕೊಡಬೇಡಿ.

ಪವರ್ ವಾಲ್ವಿಗೆ ಹೋಗುವ ಸಂಕೇತವನ್ನು ತಗ್ಗಿಸುವ ಮಾಸ್ಟರ್ ವಾಲ್ಯೂಮ್ ಸೇರಿಸುವುದನ್ನೂ ನಾನು ಒಪ್ಪುವುದಿಲ್ಲ. ಚಿಕ್ಕ ಆಂಪನ್ನು ನಾವು ಕೊಳ್ಳುವುದೇ ಪವರ್ ವಾಲ್ವಿನ ದನಿ ಒಡೆಯುವುದನ್ನು ಕೇಳಲು. ಮಾಸ್ಟರ್ ವಾಲ್ಯೂಮ್ ಅದರ ಬಾಯನ್ನೇ ಮುಚ್ಚುತ್ತದೆ. ಸದ್ದು ತಗ್ಗಬೇಕಿದ್ದರೆ ಆಂಪ್ ಮತ್ತು ಸ್ಪೀಕರಿನ ನಡುವೆ ಅಟೆನ್ಯುಯೇಟರ್ ಇಡಿ.

ದೊಡ್ಡ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಎಲ್ಲಕ್ಕಿಂತ ಕೊನೆಗೆ. ಡಿಸಿ ವಿದ್ಯುತ್ ಸದಾ ಹರಿಯುವುದರಿಂದ ಚಿಕ್ಕ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಮಂದ್ರ ಸ್ವರಗಳಲ್ಲಿ ಬೇಗ ದಣಿಯುತ್ತದೆ, ದೊಡ್ಡದು ತಾಳಿಕೊಳ್ಳುತ್ತದೆ ಎಂಬುದು ನಿಜ. ಆದರೆ ಹಾಗೆ ದಕ್ಕಿದ ಮಂದ್ರವನ್ನು ನುಡಿಸುವ ಸ್ಪೀಕರ್ ನಿಮ್ಮಲ್ಲಿರಬೇಕು. ನನ್ನ ಚಾಂಪಿನಲ್ಲಿ ಕಿಟ್ಟಿನ ಜೊತೆ ಬಂದ ಟ್ರಾನ್ಸ್‌ಫಾರ್ಮರೇ ಇನ್ನೂ ಇದೆ. ಫೀಡ್‌ಬ್ಯಾಕ್ ಸ್ವಿಚ್ ಹೆಚ್ಚಿನ ದಿನ ತುಂಡರಿಸಿದ ನಿಲುವಿನಲ್ಲೇ ಇರುತ್ತದೆ. ಯಾರಾದರೂ ಹಾಡಲು ಕುಳಿತಾಗ ಮಾತ್ರ ಅದನ್ನು ಮತ್ತೆ ಜೋಡಿಸುತ್ತೇನೆ.